ನೈವೇದ್ಯದ ಮೊದಲು

ಕೋಥರೂಡ, ಪುಣೆ
೯ ಜುಲೈ ೨೦೨೫

ಬಿಂದಣ್ಣನಿಗೆ,

ಚಾತುರ್ಮಾಸ್ಯ ಬಂತೆಂದು ಬೇರೆಯವರು ತರಕಾರಿ ಬಿಡುತ್ತಾರೆ, ಮೊಸರು ಬಿಡುತ್ತಾರೆ. ನೀನು ಫೋನನ್ನೂ ಬಿಟ್ಟಿದ್ದೀ. ಮಠದ ಆಫೀಸಿಗೆ ಫೋನ್ ಮಾಡಿದಾಗ ಯಾರೋ ಒಬ್ಬರು, ‘ಬಿಂದುಮಾಧವಾಚಾರ್ಯರು ಕಾರ್ತೀಕದ ತನಕಾ ಫೋನಿಗೆ ಬರೂದಿಲ್ರಿ, ಪತ್ರಾ ಬರೀರಿ’ ಎಂದರು. ಬರೆಯುತ್ತಿದ್ದೇನೆ.

ರಂಗೂ ಅತ್ತೆ ಮೇ ತಿಂಗಳಲ್ಲಿ ಬಚ್ಚಲಲ್ಲಿ ಬಿದ್ದಳು, ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಇಷ್ಟು ನಿನಗೆ ಗೊತ್ತು. ಆಮೇಲೆ ಅವಳು ಏಳಲಿಲ್ಲ. ಈಗ ಎಲ್ಲವೂ ಹಾಸಿಗೆಯಲ್ಲೇ. ಗಂಡ ತೀರಿಕೊಂಡು ತವರಿಗೆ ಬಂದು, ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ತೊಳೆದು ಒರೆಸಿ ಬೆಳೆಸಿದವಳು ಈ ಅತ್ತೆಯೇ ಎಂದು ನಾನು ನಿನಗೆ ನೆನಪಿಸಬೇಕಾಗಿಲ್ಲ.

ಬೆಳಿಗ್ಗೆ ಎದ್ದು ಅವಳನ್ನು ತೊಳೆಯುತ್ತೇನೆ. ಸ್ನಾನ ಮಾಡಿ, ಗಳದ ಮೇಲೆ ಯಾರೂ ಮುಟ್ಟದಂತೆ ಒಣಗಿಸಿದ ಮಡಿ ಪಂಚೆ ಉಟ್ಟು, ಅಡುಗೆ ಮಾಡಿ, ಅಪ್ಪನಿಂದ ನನ್ನ ಪಾಲಿಗೆ ಬಂದ ಸಾಲಿಗ್ರಾಮದ ಎದುರು ಕೂರುತ್ತೇನೆ. ಅವಳ ಹೊಟ್ಟೆ ಈ ವೇಳಾಪಟ್ಟಿಯನ್ನು ಒಪ್ಪುವುದಿಲ್ಲ. ನಾನು ಕೂತ ಮೇಲೆಯೇ ಅವಳದು ಆಗುತ್ತದೆ. ಎದ್ದು ಹೋಗಿ ಮುಟ್ಟಿದರೆ ಮಡಿ ಕೆಟ್ಟಿತು. ಮತ್ತೆ ಸ್ನಾನ, ಮತ್ತೆ ಅಡುಗೆ, ಮತ್ತೆ ಮೊದಲಿನಿಂದ ಪೂಜೆ. ಅಲ್ಲಿಯ ತನಕ ಅವಳ ಬಾಯಿಗೆ ಒಂದು ಅಗುಳು ಇಲ್ಲ. ಮದುವೆಯಾದ ವರ್ಷದಿಂದ ನೈವೇದ್ಯಕ್ಕೆ ಮೊದಲು ಅವಳು ಅನ್ನ ಮುಟ್ಟಿದ್ದಿಲ್ಲ. ಆದ್ದರಿಂದ ಅವಳೇ ಒಂದು ದಾರಿ ಹುಡುಕಿಕೊಂಡಿದ್ದಾಳೆ. ಕೋಣೆಯಿಂದಲೇ ಕೂಗುತ್ತಾಳೆ: ‘ಬರಬ್ಯಾಡೋ ಮಧೂ. ನಡಸು. ನಾ ಹಿಂಗಽ ಇರ್ತೀನಿ.’

ಇರುತ್ತಾಳೆ. ಎರಡು ಗಂಟೆ, ಕೆಲವು ದಿನ ಹೆಚ್ಚು. ಬೆನ್ನ ಕೆಳಗೆ ಚರ್ಮ ಕೊಳೆಯಲು ಶುರುವಾಗಿದೆ.

ನನಗೆ ನಿನ್ನಿಂದ ಒಂದೇ ವಾಕ್ಯ ಬೇಕು. ‘ಹಾಸಿಗೆ ಹಿಡಿದವರು ನೈವೇದ್ಯಕ್ಕೆ ಮೊದಲು ಉಂಡರೆ ದೋಷವಿಲ್ಲ.’ ನಾನು ಹೇಳಿದರೆ, ವಿಮಾ ಕಂಪನಿಯಾಂವಗ ಏನ ಗೊತ್ತದ ಎನ್ನುತ್ತಾಳೆ. ನೀನು ಬರೆದರೆ ಒಪ್ಪುತ್ತಾಳೆ. ಅವಳು ಮೊದಲು ಉಂಡುಬಿಟ್ಟರೆ ಪೂಜೆಯನ್ನು ನಾನು ಯಾವಾಗ ಬೇಕಾದರೂ ಮಾಡಬಹುದು, ನಡುವೆ ಎದ್ದು ಹೋಗಬಹುದು.

ಮಧುಕರ


॥ ಶ್ರೀಹರಿಃ ಶರಣಂ ॥

ಮಠ, ತುಂಗಭದ್ರಾ ದಂಡೆ
೧೮ ಜುಲೈ ೨೦೨೫

ಚಿರಂಜೀವಿ ಮಧುಕರನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಪತ್ರ ಓದಿ ಕಣ್ಣು ತುಂಬಿ ಬಂತು. ದುಃಖದಿಂದಲ್ಲ. ಈ ಕಾಲದಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಇಂಥ ನಿಷ್ಠೆ ಉಳಿದಿದೆಯಲ್ಲ ಎಂದು.

ರೋಗಿಗಳಿಗೆ ಶಾಸ್ತ್ರದಲ್ಲಿ ವಿನಾಯಿತಿ ಇದೆ ಎಂದು ಪಂಡಿತರು ಹೇಳಬಹುದು. ಆದರೆ ಅತ್ತೆ ಕೇಳಿದ್ದಾಳೆಯೆ? ನಿನ್ನ ಪತ್ರದಲ್ಲಿ ಹಾಗೆಂದು ಎಲ್ಲಿಯೂ ಇಲ್ಲ. ಕೇಳದವರ ನಿಯಮವನ್ನು ಬಿಡಿಸಲು ನಾನು ಯಾರು? ಶ್ರೀಗಳು ಚಾತುರ್ಮಾಸ್ಯಕ್ಕೆ ಕೂತಿದ್ದಾರೆ. ಇಂಥ ಮಾತನ್ನು ಅವರ ತನಕ ಒಯ್ಯಲು ಮನಸ್ಸು ಬರಲಿಲ್ಲ.

ಕಷ್ಟ ಬಂದಾಗಲೇ ದೇವರು ನಮ್ಮ ಕೈ ಬಿಗಿಯಾಗಿ ಹಿಡಿಯುವುದು. ನೀನು ಮಾಡುತ್ತಿರುವ ಸೇವೆಯೂ ಪೂಜೆಯೇ. ಅದನ್ನು ಮಲವೆಂದು ನೋಡಬೇಡ, ಚಂದನವೆಂದು ಭಾವಿಸು. ಹೇಸಿಗೆ ಎಂಬುದು ಮೂಗಿನ ದೋಷವಲ್ಲ, ಮನಸ್ಸಿನ ದೋಷ.

ಮಂತ್ರಾಕ್ಷತೆ ಇಟ್ಟಿದ್ದೇನೆ. ಅತ್ತೆಯ ದಿಂಬಿನ ಕೆಳಗೆ ಇಡು.

ಬಿಂದುಮಾಧವ


ಕೋಥರೂಡ
೩೦ ಜುಲೈ ೨೦೨೫

ಬಿಂದಣ್ಣ,

ಅಕ್ಷತೆ ದಾರಿಯಲ್ಲೇ ನೆನೆದಿತ್ತು. ಲಕೋಟೆ ತೆಗೆದಾಗ ಹಳದಿ ಮುದ್ದೆ, ಅದರ ಮೇಲೆ ಬಿಳಿ ಬೂಷ್ಟು. ಆದರೂ ದಿಂಬಿನ ಕೆಳಗೆ ಇಟ್ಟೆ. ಅಲ್ಲಿ ಅದು ಎದ್ದು ಕಾಣುವುದಿಲ್ಲ.

ಚಂದನವೆಂದು ಭಾವಿಸಲು ನೋಡಿದೆ. ಆಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಯಿತು: ಈಗ ಚಂದನ ತೇಯುವಾಗ ಅದರ ವಾಸನೆ ಬರುತ್ತದೆ. ಕೈಯನ್ನು ಮೂರು ಬಗೆಯ ಸೋಪಿನಿಂದ ತೊಳೆಯುತ್ತೇನೆ. ತುಳಸಿ ಎಲೆ ಬೆರಳಿನಲ್ಲಿ ಹಿಡಿದಾಗ ಬೆರಳು ನಾರುತ್ತದೆಯೋ, ಎಲೆ ನಾರುತ್ತದೆಯೋ, ನಾನು ನಾರುತ್ತೇನೆಯೋ ಗೊತ್ತಾಗುವುದಿಲ್ಲ. ಮಳೆ ನಿಂತಿಲ್ಲ. ಮಡಿ ಪಂಚೆ ಗಳದ ಮೇಲೆ ಹಸಿಯಾಗಿಯೇ ಇರುತ್ತದೆ. ಅದನ್ನೇ ಉಡುತ್ತೇನೆ. ಒದ್ದೆ ನಾಯಿಯ ವಾಸನೆ ಬರುವ ಈ ಬಟ್ಟೆ ಶುದ್ಧ; ಕೋಣೆಯಲ್ಲಿ ಮಲಗಿರುವವಳು ಅಶುದ್ಧ.

ಅತ್ತೆಯ ಆರೈಕೆಗೆ ಏಜೆನ್ಸಿಯಿಂದ ಸೋನಾಲಿ ಎಂಬವಳನ್ನು ಗೊತ್ತುಮಾಡಿಕೊಂಡಿದ್ದೇನೆ. ಭೋಸರಿಯಿಂದ ಎರಡು ಬಸ್ಸು ಬದಲಿಸಿ ಎಂಟು ಗಂಟೆಗೆ ಬರುತ್ತಾಳೆ. ಅತ್ತೆ ಅವಳನ್ನೂ ನೈವೇದ್ಯಕ್ಕೆ ಮೊದಲು ಹತ್ತಿರ ಬಿಡುವುದಿಲ್ಲ. ನಮ್ಮ ಬಚ್ಚಲಿಗೆ ಅಡುಗೆಮನೆ ದಾಟಿಯೇ ಹೋಗಬೇಕು, ನಾನು ಪೂಜೆಗೆ ಕೂರುವುದು ಅಡುಗೆಮನೆಯಲ್ಲಿ. ‘ಆ ಬಕೀಟು ದೇವರ ಮುಂದ ಹಾಯಬಾರದು’ ಎನ್ನುತ್ತಾಳೆ. ಸೋನಾಲಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಫೋನ್ ನೋಡುತ್ತಾ ಕೂರುತ್ತಾಳೆ. ನಿನ್ನೆ ತಡೆಯಲಾಗಲಿಲ್ಲ ಅವಳಿಗೆ.

‘ಆಜೀ, ದೇವಾಲಾ ನಾಕ ನಾಹೀ ಕಾ?’ ಎಂದಳು. ದೇವರಿಗೆ ಮೂಗಿಲ್ಲವೇನಜ್ಜಿ ಅಂತ.

‘ಆಹೇ ಗ,’ ಎಂದಳು ಅತ್ತೆ. ‘ಮ್ಹಣೂನಚ್ ಉದಬತ್ತೀ ಲಾವತಾತ್.’ ಇದೆ, ಅದಕ್ಕೇ ಊದುಬತ್ತಿ ಹಚ್ಚುವುದು.

‘ಮಗ ಏಕ ತುಮಚ್ಯಾ ಖಾಟೇಖಾಲೀ ಪಣ ಲಾವಾ ನಾ.’ ಹಾಗಾದರೆ ಒಂದು ನಿಮ್ಮ ಮಂಚದ ಕೆಳಗೂ ಹಚ್ಚಿ.

ಇಬ್ಬರೂ ನಕ್ಕರು. ನಾನು ಕೈಯಲ್ಲಿ ಶಂಖ ಹಿಡಿದು ಕೂತಿದ್ದೆ. ನಗಲಿಲ್ಲ, ಏಳಲೂ ಇಲ್ಲ. ಅಲ್ಲಿ ಒಬ್ಬ ಮುದುಕಿ ತನ್ನದರಲ್ಲೇ ಮಲಗಿರುವಾಗ ಇಲ್ಲಿ ಒಂದು ಕಲ್ಲಿಗೆ ಹಾಲು ಸುರಿಯುತ್ತಿರುವ ಐವತ್ತನಾಲ್ಕು ವರ್ಷದ ಮನುಷ್ಯನನ್ನು ಸ್ವಲ್ಪ ದೂರದಿಂದ ನೋಡಿದೆ. ವಾಕರಿಕೆ ಬಂದದ್ದು ಆಗ.

ಡಾಕ್ಟರು ಗಾಯ ನೋಡಿ ಹೇಳಿದ್ದು ಎರಡು ಮಾತು. ಆದ ಕೂಡಲೇ ತೊಳೆಯಬೇಕು, ಒಂದು ಗಳಿಗೆಯೂ ಬಿಡಬಾರದು. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಊಟ ಹೋಗಬೇಕು. ಇಲ್ಲದಿದ್ದರೆ ಗಾಯ ಮೂಳೆ ಮುಟ್ಟುತ್ತದೆ, ಆಮೇಲೆ ಈ ವಯಸ್ಸಿನಲ್ಲಿ ಮಾಡುವುದು ಏನೂ ಇರುವುದಿಲ್ಲ.

ಅವಳು ಕೇಳಿಲ್ಲ ಎಂದು ಬರೆದಿದ್ದೀ. ಅವಳು ಕೇಳುವುದಿಲ್ಲ. ಅದಕ್ಕೇ ನಾನು ಕೇಳುತ್ತಿರುವುದು. ಒಂದು ವಾಕ್ಯ, ಬಿಂದಣ್ಣ. ಅವಳ ಹೆಸರಿಗೇ ಬರೆ.

ಮಧುಕರ


॥ ಶ್ರೀಹರಿಃ ಶರಣಂ ॥

ಮಠ
೮ ಆಗಸ್ಟ್ ೨೦೨೫

ಚಿ. ಮಧುಕರನಿಗೆ ಆಶೀರ್ವಾದ.

ನೀನು ಹೇಳಿದಂತೆ ಅತ್ತೆಯ ಹೆಸರಿಗೇ ಬೇರೆ ಪತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ನಿಧಾನವಾಗಿ ಓದಿ ಹೇಳು. ‘ನಿನ್ನ ಶರೀರದ ದುರ್ಗಂಧವೂ ಭಗವಂತನಿಗೆ ಭಕ್ತಿಯ ಪರಿಮಳ’ ಎಂಬ ಮಾತು ಬರುತ್ತದೆ. ಅಲ್ಲಿ ಸ್ವಲ್ಪ ನಿಲ್ಲಿಸು. ಇಲ್ಲಿ ಪಾಕಶಾಲೆಯಲ್ಲಿ ಓದಿ ತೋರಿಸಿದೆ. ಎಲ್ಲರೂ ಕೈ ಮುಗಿದರು. ಅಡುಗೆಯ ಕಾಂತಪ್ಪ ಆ ಸಾಲನ್ನು ಬರೆದುಕೊಂಡ.

ನೀನು ಕೇಳಿದ ವಾಕ್ಯ ಅದರಲ್ಲಿಲ್ಲ. ಅವಳನ್ನು ದುರ್ಬಲಳನ್ನಾಗಿ ಮಾಡುವ ಮಾತು ನನ್ನ ಕೈಯಿಂದ ಬರಲಾರದು.

ಬಿಂದುಮಾಧವ


ಕೋಥರೂಡ
೨೨ ಆಗಸ್ಟ್ ೨೦೨೫

ಬಿಂದಣ್ಣ,

ಪತ್ರ ಓದಿದೆ. ನೀನು ಹೇಳಿದಲ್ಲಿ ನಿಲ್ಲಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ಮುಗಿದ ಮೇಲೆ, ‘ಗ್ವಾಡಿ ಕಡೆ ಹೊಳ್ಳಿಸು’ ಎಂದಳು. ಗೋಡೆಯ ಕಡೆ ಹೊರಳಿಸಿದೆ. ಭಕ್ತಿಯಿಂದ ಮಾತು ಕಟ್ಟಿರಬೇಕು.

ಅದಾದ ಮೇಲೆ ಇಲ್ಲಿ ಎಲ್ಲ ಸುಗಮವಾಗಿದೆ. ಪೂಜೆ ಈಗ ಬೇಗ ಮುಗಿಯುತ್ತದೆ. ಎಂಟಕ್ಕೆ ಮೊದಲೇ ಅವಳಿಗೆ ಊಟ. ಸೋನಾಲಿ ಬಂದ ಕೂಡಲೇ ಕೆಲಸಕ್ಕೆ ತೊಡಗುತ್ತಾಳೆ. ಗಾಯದ ಅಂಚು ಒಣಗುತ್ತಿದೆ ಎಂದು ಡಾಕ್ಟರು ಹೇಳಿದರು. ಅಷ್ಟು ಬೇಗ ಹೇಗೆ ಎಂದು ಅತ್ತೆ ಕೇಳಲಿಲ್ಲ. ನೀನೂ ಕೇಳದಿದ್ದರೆ ಒಳ್ಳೆಯದು.

ಮಧುಕರ


॥ ಶ್ರೀಹರಿಃ ಶರಣಂ ॥

ಮಠ
೩ ಸೆಪ್ಟೆಂಬರ್ ೨೦೨೫

ಚಿ. ಮಧುಕರನಿಗೆ ಆಶೀರ್ವಾದ.

ನೋಡಿದೆಯಾ? ನಿಯಮ ಬಿಡಬೇಕಾಗಿ ಬರಲಿಲ್ಲ. ನೀನು ಗಟ್ಟಿಯಾಗಿ ಹಿಡಿದೆ, ದಾರಿ ತಾನೇ ಬಿಟ್ಟುಕೊಂಡಿತು. ನಿನ್ನ ಪತ್ರವನ್ನು ಇಲ್ಲಿ ನಾಲ್ಕು ಜನರಿಗೆ ಓದಿ ಹೇಳಿದೆ. ಪುಣೆಯಲ್ಲಿ ಒಬ್ಬ ನೌಕರಿಯವನು ಹೀಗೆ ದೇವರನ್ನೂ ಹಿರಿಯರನ್ನೂ ಒಟ್ಟಿಗೆ ನಡೆಸುತ್ತಿದ್ದಾನೆ ಎಂದರೆ ಯಾರಿಗೂ ನಂಬಿಕೆ ಬರಲೊಲ್ಲದು.

ಪಿತೃಪಕ್ಷದಲ್ಲಿ ಅಪ್ಪನ ತಿಥಿಗೆ ಬರುತ್ತಿದ್ದೇನೆ. ಮೂರು ದಿನ ಇರುತ್ತೇನೆ. ಆ ಮೂರು ದಿನ ಸಾಲಿಗ್ರಾಮದ ಪೂಜೆ ನನ್ನದು. ನೀನು ವಿಶ್ರಾಂತಿ ತೆಗೆದುಕೋ. ಅತ್ತೆಯ ಕೈಗೆ ನಾನೇ ತೀರ್ಥ ಕೊಡಬೇಕೆಂಬ ಆಸೆ ಬಹಳ ದಿನದ್ದು.

ಬಿಂದುಮಾಧವ


ಮಠ
೨೩ ಸೆಪ್ಟೆಂಬರ್ ೨೦೨೫

ಮಧುಕರ,

ಮೊದಲ ದಿನವೇ ಗೊತ್ತಾಯಿತು. ಅಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಈಗ ಬರೆಯುತ್ತಿದ್ದೇನೆ.

ಸಾಲಿಗ್ರಾಮವಿಡುವ ಸಂಪುಟದ ಮುಚ್ಚಳ ತೆಗೆದೆ. ತುಳಸಿ ಪುಡಿಯಾಗಿತ್ತು. ಗಂಧ ಒಣಗಿ ಸೀಳು ಬಿಟ್ಟಿತ್ತು. ಒಂದು ತಿಂಗಳಿಂದ ಆ ಸಾಲಿಗ್ರಾಮಕ್ಕೆ ಒಂದು ಹನಿ ನೀರು ಬಿದ್ದಿರಲಿಲ್ಲ. ಪೂಜೆ ಬೇಗ ಮುಗಿಯುವುದು ಹೇಗೆಂದು ಆಗ ತಿಳಿಯಿತು. ಮುಚ್ಚಿದ ಸಂಪುಟದ ಎದುರು ಗಂಟೆ ಬಾರಿಸಿ, ನೈವೇದ್ಯವಾಗದ ಅನ್ನವನ್ನು ನೈವೇದ್ಯವೆಂದು ಹೇಳಿ, ನಲ್ಲಿಯ ನೀರಿಗೆ ಎರಡು ತುಳಸಿ ಎಲೆ ಹಾಕಿ ತೀರ್ಥವೆಂದು ಕೊಟ್ಟಿದ್ದೀ. ಯಾರಿಗೆ? ನಂಬಿ ಕೈಯೊಡ್ಡಿದವಳಿಗೆ. ಜನ್ಮವೆಲ್ಲ ಕಾಯ್ದ ವ್ರತ, ಅವಳಿಗೇ ಗೊತ್ತಿಲ್ಲದ ಹಾಗೆ ನಿನ್ನ ಕೈಯಲ್ಲಿ ಕೆಟ್ಟಿತು.

ನಿನ್ನ ಪತ್ರವನ್ನು ನಾಲ್ಕು ಜನರಿಗೆ ಓದಿ ಹೇಳಿದ್ದೆ. ನನಗೆ ಹೇಸಿಗೆಯಾಗುತ್ತಿದೆ.

ಸಂಪುಟವನ್ನು ನಾನು ತಂದಿದ್ದೇನೆ. ಅತ್ತೆಗೆ ಹೇಳಿಲ್ಲ. ಇದು ತಿಳಿದರೆ ಅವಳು ಬದುಕುವುದಿಲ್ಲ.

ಬಿಂದುಮಾಧವ


ಕೋಥರೂಡ
೪ ಅಕ್ಟೋಬರ್ ೨೦೨೫

ಬಿಂದಣ್ಣ,

ನೀನು ಬರೆದದ್ದೆಲ್ಲ ನಿಜ. ಗಂಟೆ ಬಾರಿಸಿದೆ, ಸುಳ್ಳು ಹೇಳಿದೆ, ಅವಳು ಉಂಡಳು. ಒಂದೊಂದು ತುತ್ತು ಕೊಡುವಾಗಲೂ ನನಗೆ ನನ್ನ ಕೈ ಕಂಡರೆ ಅಸಹ್ಯವಾಗುತ್ತಿತ್ತು. ಮಲ ತೊಳೆದ ಕೈ ಎಂದಲ್ಲ.

ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ನೀನು ಮೂರು ದಿನವೂ ಪೂಜೆಯನ್ನು ಮಧ್ಯಾಹ್ನದ ತನಕ ಎಳೆದೆ. ಆ ಮೂರು ದಿನವೂ ಅವಳದು ಬೆಳಿಗ್ಗೆಯೇ ಆಗಿತ್ತು. ನಾನು ಬಕೀಟು ಹಿಡಿದು ಬಂದರೆ, ‘ಪೂಜಾ ಮುಗಿಯೂತನಕಾ ಆ ಕೋಲಿ ಬಾಗಲಾ ತಗೀಬ್ಯಾಡ’ ಎಂದೆ ನೀನು. ನಾನು ಬಕೀಟು ಕೆಳಗಿಟ್ಟೆ. ಕೋಣೆಯ ಬಾಗಿಲು ಮುಚ್ಚಿದ್ದು ನಾನೇ. ಅದರ ಪಾಲನ್ನು ನಿನ್ನ ಮೇಲೆ ಹಾಕುವುದಿಲ್ಲ. ಎರಡನೇ ದಿನ ತೀರ್ಥ ಹಿಡಿದು ಒಳಗೆ ಹೋದ ನೀನು ಮಂಚದ ತನಕ ಮುಟ್ಟಲಿಲ್ಲ. ಅಂಗವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಹೊರಗೆ ಓಡಿದೆ. ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡೆ. ನೀನು ಬಂದು ಸ್ನಾನಕ್ಕೆ ಇಳಿದೆ. ಸೊಸೈಟಿಯ ವಾಚ್‌ಮನ್ ದೇವಾನಂದ ಅದನ್ನು ತೊಳೆದ. ತೀರ್ಥ ಕೊಟ್ಟದ್ದು ನಾನು. ಗಾಯ ಮತ್ತೆ ಬಿಚ್ಚಿಕೊಂಡಿದೆ. ಮೂಳೆ ದೂರವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಈಗ ಅತ್ತೆಗೆ ಏನು ಗೊತ್ತು ಎಂಬ ವಿಷಯ.

ನೀನು ಹೋದ ಮರುದಿನ ಎದ್ದು ನೋಡಿದರೆ ಸಂಪುಟವಿಲ್ಲ. ಬೇರೆ ದಾರಿ ಕಾಣದೆ ಖಾಲಿ ಮಂಟಪದ ಎದುರು ಗಂಟೆ ಬಾರಿಸಿದೆ. ತಟ್ಟೆ ಹಿಡಿದು ಕೋಣೆಗೆ ಹೋದಾಗ ಅವಳು ನನ್ನ ಮುಖ ನೋಡಿ ಹೇಳಿದಳು:

‘ಸಾಕು ಮಾಡು ಮಧೂ. ದೇವರು ಊರಿಗೆ ಹೋಗ್ಯಾನ, ಯಾರಿಗೆ ಬಾರಸ್ತಿ?’

‘ಊರಿಗೆ ಹೋಗ್ಯಾನಂತ ಯಾರು ಹೇಳಿದ್ರು ನಿನಗ?’

‘ಬಿಂದ್ಯಾ ಹೋಗೂಮುಂದ ನನ್ನ ಕಾಲ ಮುಟ್ಟಲಿಲ್ಲ. ದೂರ ನಿಂತು ಕೈ ಮುಗದಾ. ಮಡೀಲೆ ಎದಿಗೆ ಸಂಪುಟಾ ಕಟಗೊಂಡಾಂವ ನನ್ನ ಹೆಂಗ ಮುಟ್ಟತಾನ?’

ತಟ್ಟೆ ಕೆಳಗಿಟ್ಟೆ. ಅವಳೇ ಮುಂದುವರಿಸಿದಳು. ‘ಮೊದಲಿಂದೂ ಗೊತ್ತದ. ನೀರ ಸುರಿಯೂ ಸಪ್ಪಳಿಲ್ಲ, ಮಂತ್ರ ಇಲ್ಲ. ಬರೇ ಗಂಟಿ. ಕುಲ್ಫೀ ಗಾಡಿಯಾಂವ ಬಂದಂಗ.’

‘ಗೊತ್ತಿದ್ದೂ ಉಂಡಿ?’

‘ನೈವೇದ್ಯಾ ಆದಮ್ಯಾಲೇನಽ ಉಂಡೀನಿ.’

ಅರ್ಥವಾಗಲಿಲ್ಲ ನನಗೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ನೀ ಏಳೂಕಿಂತ ಮೊದಲಽ ನಂದು ಮುಗದಿರತದ. ಮನಸಿನ್ಯಾಗ ಮಾಡ್ತೀನಿ. ಸಂಪುಟಾ ತಗೀತೀನಿ, ನೀರ ಹಾಕತೀನಿ, ತುಳಸಿ ಏರಸ್ತೀನಿ, ಆವತ್ತ ನೀ ಏನ ಮಾಡೂವಂವ ಇರ್ತಿ ಅದನ್ನಽ ತೋರಸ್ತೀನಿ. ನಿಮ್ಮಪ್ಪ ಜಿಂದಗೀಭರ ಮುಟ್ಟಗೊಡಲಿಲ್ಲ, ಹೆಣಮಕ್ಕಳು ಸಾಲಿಗ್ರಾಮ ಮುಟ್ಟಬಾರದಂತ. ಈಗ ಎರಡೂ ಕೈಲೆ ಹಿಡೀತೀನಿ. ಭಾಳ ತಂಪ ಅದನೋ.’

‘ಇಂಥಾ ಹಾಸಿಗ್ಯಾಗ?’

‘ಇಂಥಾ ಹಾಸಿಗ್ಯಾಗ.’

ಯಾವಾಗಿನಿಂದ ಎಂದು ಕೇಳಿದೆ. ‘ಬಿಂದ್ಯಾನ ಪತ್ರಾ ಓದಿದೆಲ್ಲಾ, ಆವತ್ತಿಂದ. ನನ್ನ ಹೇಲಿನ ವಾಸನಿ ದೇವರಿಗೆ ಪರಿಮಳ ಅಂತ ಬರದಿದ್ದಾ. ಅಷ್ಟು ದಿನಾ ಅದರಾಗಽ ಬಿದ್ದಿದ್ದೆ, ಹೇಸಿಕಿ ಬಂದಿದ್ದಿಲ್ಲ. ಆವತ್ತ ಬಂತು. ಇಂಥಾದ್ದನ್ನ ಪರಿಮಳ ಅನ್ನೂ ದೇವರು ನನಗ ಬ್ಯಾಡ ಅಂದೆ. ನನ್ನಾಂವಗ ಮೂಗು ಅದ.’

‘ಮತ್ತ ಆ ಮೂರ ದಿನಾ ಯಾಕ ಸುಮ್ಮನ ಬಿದ್ದಿ?’

‘ಅಷ್ಟ ದೂರಿಂದ ಪೂಜಾ ಮಾಡಲಿಕ್ಕಂತ ಬಂದಿದ್ದಾ ಹುಡುಗ. ಮಾಡಲಿ ಅಂದೆ.’ ಅರವತ್ತು ದಾಟಿದ ನಿನ್ನನ್ನು ಅವಳು ಹುಡುಗ ಎಂದಳು.

ಮೊದಲೇ ಹೇಳಬಹುದಿತ್ತು ಅವಳು. ಮೋಸ ಮಾಡುತ್ತಿದ್ದೇನೆ ಎಂಬ ಹೊರೆಯನ್ನು ಒಂದು ತಿಂಗಳು ನಾನು ಹೊತ್ತು ತಿರುಗಿದೆ, ಅವಳು ನೋಡುತ್ತಾ ಉಂಡಳು. ಯಾಕೆ ಎಂದು ಕೇಳಲಿಲ್ಲ. ನಾನು ಅವಳನ್ನು ಅಸಹ್ಯಪಟ್ಟುಕೊಂಡು ತೊಳೆಯುತ್ತಿದ್ದೆ ಎಂಬುದೂ ಅವಳಿಗೆ ಗೊತ್ತಿರಬಹುದು. ಆ ಮಾತು ಬರುವುದು ನನಗೆ ಬೇಕಿರಲಿಲ್ಲ.

ಈಗ ಸೋನಾಲಿ ಬಂದ ಕೂಡಲೇ ತೊಳೆಯುತ್ತಾಳೆ. ಬಕೀಟು ಎಲ್ಲಿ ಬೇಕಾದರೂ ಹಾಯುತ್ತದೆ.

ಸಾಲಿಗ್ರಾಮವನ್ನು ವಾಪಸು ತಂದುಕೊಡು. ಅವಳು ಕೇಳಿಲ್ಲ, ನಾನು ಕೇಳುತ್ತಿದ್ದೇನೆ. ಅವಳ ಕೆಲಸವೆಲ್ಲ ಮುಗಿದ ಮೇಲೆ ಮಧ್ಯಾಹ್ನ ಪೂಜೆ ಮಾಡುತ್ತೇನೆ. ನಂಬಿಕೆಯಿಂದ ಎಂದು ಹೇಳಲಾರೆ. ಖಾಲಿ ಮಂಟಪವನ್ನು ದಾಟಿ ಬಚ್ಚಲಿಗೆ ಹೋಗಲು ನನಗೆ ಆಗುತ್ತಿಲ್ಲ.

ಮಧುಕರ


ಮಠ
೪ ನವೆಂಬರ್ ೨೦೨೫

ಮಧೂ,

ವ್ರತ ಮುಗಿಯಿತು. ಫೋನ್ ಕೈಯಲ್ಲಿದೆ. ನಿನ್ನ ನಂಬರಿನ ತನಕ ಹೋಗಿ ಹಿಂದೆ ಬಂದೆ. ಅಲ್ಲಿ ಅತ್ತೆ ಎತ್ತಿಕೊಂಡರೆ ಏನು ಮಾತಾಡಲಿ?

ವಾಂತಿಯಾದದ್ದು ನಿಜ. ಉಪವಾಸದ ಪಿತ್ತ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಿನ್ನ ಪತ್ರಕ್ಕೆ ಉತ್ತರ ಬರೆಯದೆ ಇದ್ದದ್ದಕ್ಕೆ ಇನ್ನೊಂದು ಕಾರಣವಿದೆ. ಪುಣೆಯಿಂದ ಬಂದ ದಿನ, ಸಿಟ್ಟಿನಲ್ಲಿ, ನಮ್ಮ ಸಾಲಿಗ್ರಾಮವನ್ನು ಸಂಪುಟದಿಂದ ತೆಗೆದು ಮಠದ ಹರಿವಾಣದಲ್ಲಿ ಇಟ್ಟೆ. ಭಕ್ತರು ಪೂಜೆ ನಡೆಸಲಾಗದೆ ತಂದೊಪ್ಪಿಸಿದ ಸಾಲಿಗ್ರಾಮಗಳೆಲ್ಲ ಅಲ್ಲೇ ಇರುವುದು. ಇನ್ನು ಅದಕ್ಕೆ ತಪ್ಪದೆ ಪೂಜೆ ಸಿಗುತ್ತದೆ ಎಂದುಕೊಂಡೆ. ನಿನ್ನ ಪತ್ರ ಬಂದ ಮೇಲೆ ತೆಗೆದುಕೊಳ್ಳಲು ಹೋದೆ. ತಿಳಿಯಲಿಲ್ಲ. ಎಲ್ಲವೂ ಕಪ್ಪು, ಎಲ್ಲವೂ ನುಣುಪು. ಎಷ್ಟು ವರ್ಷ ಅಪ್ಪನ ಪಕ್ಕ ಕೂತಿದ್ದೇನೆ, ಮೂರು ದಿನ ನನ್ನ ಕೈಯಿಂದಲೇ ಅಭಿಷೇಕ ಮಾಡಿದ್ದೇನೆ. ಚಕ್ರ ಕಾಣುವ ಅದರ ಬಾಯಿ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪಾಗುತ್ತಿಲ್ಲ. ಪೂಜೆ ಮಾಡುವಾಗ ನಾನು ಏನನ್ನು ನೋಡುತ್ತಿದ್ದೆ?

ಅತ್ತೆಯನ್ನು ಕೇಳು. ಒಂದು ಗುರುತು ಸಾಕು. ಹುಡುಕಿ ನಾನೇ ತರುತ್ತೇನೆ.

ಬಿಂದು


ಕೋಥರೂಡ
೧೨ ನವೆಂಬರ್ ೨೦೨೫

ಬಿಂದಣ್ಣ,

ಗಾಯ ವಾಸಿಯಾಗುತ್ತಿಲ್ಲ. ಡಾಕ್ಟರು ದಿನ ಬಿಟ್ಟು ದಿನ ಬರುತ್ತಾರೆ, ಮುಂದಿನ ಮಾತು ಆಡುವುದಿಲ್ಲ. ಅವಳು ಬೆಳಿಗ್ಗೆ ಉಣ್ಣುತ್ತಾಳೆ, ಸ್ವಲ್ಪ. ನಾನು ಕಲಸಿದ ಅನ್ನಕ್ಕೆ ಉಪ್ಪು ಕಡಿಮೆ ಎಂದು ಬೈಯುತ್ತಾಳೆ. ವಾಸನೆ ಹಾಗೇ ಇದೆ. ನನಗೆ ಈಗಲೂ ವಾಕರಿಕೆ ಬರುತ್ತದೆ. ಬಂದರೆ ಮುಖ ತಿರುಗಿಸುವುದಿಲ್ಲ, ಅವಳ ಎದುರೇ ಬರಲು ಬಿಡುತ್ತೇನೆ. ‘ಉಗುಳಿ ಬಾ ಹೋಗು’ ಎನ್ನುತ್ತಾಳೆ. ಹೋಗಿ ಉಗುಳಿ ಬರುತ್ತೇನೆ.

ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಈ ಸಲ ಗೋಡೆಯ ಕಡೆ ಹೊರಳಿಸು ಎನ್ನಲಿಲ್ಲ.

‘ಗುರುತು ಕೇಳ್ಯಾನ?’ ಎಂದಳು. ‘ಗುರುತು ನನಗ ಗೊತ್ತದ. ಹೇಳೂದಿಲ್ಲ ಅಂತ ಬರಿ. ಒಂದೊಂದಽ ಕೈಯಾಗ ತಗೊಂಡು ತೊಳದು ನೋಡಲಿ. ಬಗ್ಗಿ, ಮುಖಾ ಹತ್ತರ ಒಯ್ದು, ಸಂದೀ ಗೊಂದಿ ಎಲ್ಲಾ ತೊಳೀಲಿ. ಕೈಗೆ ರೂಢಿ ಆಗಲಿ.’

‘ಸಿಗಲಿಲ್ಲಂದ್ರ?’

‘ಸಿಗಲಿ, ಬಿಡಲಿ. ಅದು ಮುಗದಮ್ಯಾಲೆ ಇಲ್ಲಿಗೆ ಬಾ ಅಂತ ಬರಿ. ಸೋನಾಲಿಗೆ ರವಿವಾರ ಸೂಟಿ ಇರತದ, ಅಕಿ ಬರೂದಿಲ್ಲ.’

ಮಧುಕರ